ಹಿತ್ತಿಲ ಬೇವಿನ ಮರ ಕಡಿಯೋಕೆ ಯಾರನ್ನ ಕೇಳಬೇಕು?

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ 40–60ರ ಸೈಟಿನಲ್ಲಿ ನಮ್ಮ ಮನೆ ಇದೆ. 1996ರಲ್ಲಿ ಅಪ್ಪ ಕಟ್ಟಿಸಿದ್ದು. ಮನೆಯಾದ ಮೇಲೆ ಹಿತ್ತಿಲಲ್ಲಿ ಒಂದು ಬೇವಿನ ಗಿಡ ನೆಟ್ಟರು, ಈಗ ಅದು ದೊಡ್ಡ ಮರ. 2015ರಲ್ಲಿ ಹಿಂದುಗಡೆ ಒಂದು ರೂಮು ಸೇರಿಸಿದೆವು. ಮರದಿಂದ ಅದಕ್ಕೆ ಹತ್ತು ಅಡಿ ಇರಬಹುದು. ಎರಡು ವರ್ಷದಿಂದ ಹಳೇ ಗೋಡೆ, ಹೊಸ ರೂಮು ಸೇರುವ ಕಡೆ ಬಿರುಕು ಬಿಟ್ಟಿದೆ. ಕಾಂಪೌಂಡ್ ಕೂಡ ಸ್ವಲ್ಪ ವಾಲಿದೆ. ಮೇಸ್ತ್ರಿ ಬೇರಿನದೇ ಕೆಲಸ ಅಂತಾನೆ. ಕಳೆದ ಮಳೆಗಾಲ ಮುಗಿದ ಮೇಲೆ ಮರದ ತುದಿಯೆಲ್ಲ ಒಣಗಿದೆ, ಸತ್ತೇ ಹೋಯ್ತೇನೋ ಗೊತ್ತಿಲ್ಲ. ಪಕ್ಕದ ಮನೆಯವರು 'ಎಲೆ ಬಿದ್ದು ನಮ್ಮ ಟೆರೇಸ್ ಪೈಪು ಕಟ್ಟುತ್ತೆ, ಗಾಳಿಗೆ ಮರ ಬಿದ್ದರೆ ನೀವೇ ಹೊಣೆ' ಅಂತ ಪತ್ರ ಬರೆದು ಕೊಟ್ಟಿದ್ದಾರೆ. ಪಾಲಿಕೆಯಲ್ಲಿ ಕೇಳಿದರೆ ಅರಣ್ಯ ಇಲಾಖೆಗೆ ಹೋಗಿ ಅಂದರು. ಮರದ ವ್ಯಾಪಾರಿಯೊಬ್ಬರು 'ನಿಮ್ಮ ಜಾಗ, ನಿಮ್ಮ ಮರ, ಭಾನುವಾರ ಕಡಿದುಬಿಡೋಣ, ಯಾರೂ ಕೇಳಲ್ಲ' ಅಂತಾರೆ. ಇನ್ನೊಬ್ಬರು ಬುಡಕ್ಕೆ ತೂತು ಕೊರೆದು ಇಂಗು ತುಂಬಿ ಅಂತ ಹೇಳಿದರು. ಅಮ್ಮನಿಗೆ ಮರ ಕಡಿಯೋದೇ ಇಷ್ಟ ಇಲ್ಲ. ಒಂದು ತೆಂಗಿನ ಮರವೂ ಇದೆ, ಅದನ್ನ ತೆಗೆಯೋಕೂ ಅನುಮತಿ ಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಸಮಸ್ಯೆ ಒಂದರೊಳಗೊಂದು ಸಿಕ್ಕಿಕೊಂಡಿವೆ. ಗೋಡೆ ಬಿರುಕು ಒಂದು, ಮರದ ಆರೋಗ್ಯ ಒಂದು, ಪಕ್ಕದವರ ಭಯ ಒಂದು, ಕಾನೂನು ಒಂದು. ನಿಮಗೆ ಸಲಹೆ ಕೊಟ್ಟವರೆಲ್ಲ ನಾಲ್ಕಕ್ಕೂ ಒಂದೇ ಮದ್ದು ಹೇಳಿದ್ದಾರೆ, ಮರ ತೆಗೆಯಿರಿ ಅಂತ. ಬಿರುಕು ಬಿಟ್ಟ ಮನೆಗಳನ್ನು ನೋಡೋದು, ಮರ ತೆಗೆಯುವ ಅರ್ಜಿಗೆ ಸ್ಕೆಚ್ ಮಾಡಿಕೊಡೋದು, ಎರಡೂ ನನ್ನ ಕೆಲಸವೇ. ಆ ಅನುಭವದಿಂದ ಹೇಳುತ್ತೇನೆ: ನಿಮ್ಮ ಬಿರುಕಿಗೆ ಮರ ಕಾರಣ ಅಂತ ಇನ್ನೂ ಯಾರೂ ತೋರಿಸಿಲ್ಲ.

ಮೊದಲು ಕಾನೂನಿನ ಮಾತು ಮುಗಿಸೋಣ, ಯಾಕೆಂದರೆ ಭಾನುವಾರ ಹತ್ತಿರ ಬರುತ್ತಿದೆ.

'ನಿಮ್ಮ ಜಾಗ, ನಿಮ್ಮ ಮರ' ಅನ್ನೋದು ಅರ್ಧ ಸರಿ. ಮರ ನಿಮ್ಮದೇ. ಕಡಿಯುವ ತೀರ್ಮಾನ ಮಾತ್ರ ನಿಮ್ಮೊಬ್ಬರದಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಅದರ 8ನೇ ಕಲಂ ಪ್ರಕಾರ, ಜಮೀನು ಸ್ವಂತದ್ದಾದರೂ ಅಲ್ಲದಿದ್ದರೂ, ವೃಕ್ಷ ಅಧಿಕಾರಿಯ ಅನುಮತಿ ಮೊದಲೇ ಪಡೆಯದೆ ಮರ ಕಡಿಯುವಂತಿಲ್ಲ, ಕಡಿಸುವಂತೆಯೂ ಇಲ್ಲ. 'ಕಡಿಸುವಂತೆಯೂ' ಅನ್ನೋದನ್ನು ಗಮನಿಸಿ. ಕೊಡಲಿ ಹಿಡಿದವನು ವ್ಯಾಪಾರಿಯಾದರೂ ಕೇಸಿನಲ್ಲಿ ನಿಮ್ಮ ಹೆಸರೂ ಇರುತ್ತದೆ. ಈ ವೃಕ್ಷ ಅಧಿಕಾರಿ ಅಂದರೆ ಅರಣ್ಯ ಇಲಾಖೆಯವರೇ, ಪಾಲಿಕೆಯವರಲ್ಲ. ಹಾಗಾಗಿ ಪಾಲಿಕೆಯವರು ನಿಮ್ಮನ್ನು ಸುಮ್ನೆ ಸಾಗಹಾಕಿದರು ಅಂದುಕೊಳ್ಳಬೇಡಿ, ಈ ಸಲ ಅವರು ಸರಿಯಾದ ದಾರಿಯನ್ನೇ ತೋರಿಸಿದ್ದಾರೆ. ಊರಿನ ವಲಯ ಅರಣ್ಯಾಧಿಕಾರಿ ಕಚೇರಿಯಿಂದ ಶುರು ಮಾಡಿ.

ಯಾರೂ ಕೇಳಲ್ಲ ಅನ್ನೋದು ಎಷ್ಟೋ ಸಲ ನಿಜವೂ ಹೌದು, ನಾನು ಅದನ್ನು ಮುಚ್ಚಿಡಲ್ಲ. ಆದರೆ ನಿಮ್ಮ ವಿಷಯದಲ್ಲಿ ಕೇಳುವವರು ಪಕ್ಕದಲ್ಲೇ ಇದ್ದಾರೆ. ಇವತ್ತು ಎಲೆ ಬಿತ್ತು ಅಂತ ಪತ್ರ ಬರೆದವರು ನಾಳೆ ಮರ ಉರುಳುವಾಗ ಕಾಂಪೌಂಡ್ ಬಿದ್ದರೆ ಫೋಟೋ ಸಮೇತ ದೂರು ಕೊಡುತ್ತಾರೆ. ಇನ್ನು ತುಂಬಾ ಸಲ ಸಿಕ್ಕಿಬೀಳೋದು ಹಿತ್ತಿಲಲ್ಲಲ್ಲ, ದಿಮ್ಮಿ ತುಂಬಿದ ಲಾರಿ ಮುಖ್ಯ ರಸ್ತೆಗೆ ಬಂದಾಗ. ಆಗ ಡ್ರೈವರ್ ಹೇಳೋದು ನಿಮ್ಮ ಮನೆ ವಿಳಾಸವೇ. ಕಾಯ್ದೆಯಲ್ಲಿ ದಂಡಕ್ಕೂ ಜೈಲಿಗೂ ಅವಕಾಶ ಇದೆ. ಮರವನ್ನೂ ಜಪ್ತಿ ಮಾಡುತ್ತಾರೆ.

ಇಂಗಿನ ಕಥೆ ನಮ್ಮ ಕಡೆ ಬಹಳ ಹಳೆಯದು. ಇಂಗಿನಿಂದ ಮರ ಸಾಯಲ್ಲ, ಇಂಗು ದಂಡ, ಅಷ್ಟೇ. ಇದೇ ಕೆಲಸಕ್ಕೆ ಆಸಿಡ್, ಕಳೆನಾಶಕ ಹಾಕುವವರೂ ಇದ್ದಾರೆ, ತೊಗಟೆಯನ್ನು ಸುತ್ತ ಸುಲಿಯುವವರೂ ಇದ್ದಾರೆ. ಕಾಯ್ದೆಯ ಲೆಕ್ಕದಲ್ಲಿ ಇವೆಲ್ಲವೂ ಮರ ಕಡಿದಂತೆಯೇ. ಅದಕ್ಕಿಂತ ದೊಡ್ಡ ತೊಂದರೆ ಬೇರೆ: ವಿಷಕ್ಕೆ ಸತ್ತ ಮರ ತಕ್ಷಣ ಬೀಳಲ್ಲ. ಒಳಗೊಳಗೆ ಕೊಳೆಯುತ್ತಾ ನಿಂತಿರುತ್ತದೆ, ಏಪ್ರಿಲ್–ಮೇ ತಿಂಗಳ ಗಾಳಿ ಮಳೆಗೆ ಯಾವ ಕಡೆ ಬೀಳುತ್ತದೋ ಹೇಳೋಕಾಗಲ್ಲ. ಅಂಥ ಮರ ಹತ್ತೋಕೆ ಕಡಿಯುವವರೂ ಹಿಂದೇಟು ಹಾಕುತ್ತಾರೆ.

ಈಗ ಬಿರುಕಿಗೆ ಬರೋಣ. ಜಾಸ್ತಿ ಹೇಳಬೇಕಾಗಿರೋದು ಇಲ್ಲೇ.

ಬೇರು ಪಾಯದ ಕೆಳಗೆ ನುಗ್ಗಿ ಮನೆಯನ್ನೇ ಎತ್ತುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ಕಾಂಪೌಂಡ್ ಗೋಡೆ, ನೆಲಕ್ಕೆ ಹಾಸಿದ ಟೈಲ್ಸ್, ಫುಟ್‌ಪಾತ್ ಕಲ್ಲು, ಇಂಥ ಹಗುರಾದ್ದನ್ನು ಬೇರು ಎತ್ತುವುದು ನಿಜ. ನಿಮ್ಮ ಕಾಂಪೌಂಡ್ ವಾಲಿದ್ದಕ್ಕೆ ಮರದ ಬೇರು ಕಾರಣ ಇರಬಹುದು. ಆದರೆ ಮಾಳಿಗೆಯ ಭಾರ ಹೊತ್ತ ಗೋಡೆಯನ್ನು ಎತ್ತುವಷ್ಟು ಬಲ ಬೇರಿಗೆ ಇರಲ್ಲ. ಬೇರು ಸುಲಭದ ದಾರಿ ಹುಡುಕಿಕೊಂಡು ಪಕ್ಕಕ್ಕೆ ಹೋಗುತ್ತದೆ. ಬಹುಪಾಲು ಬೇರು ಮೇಲಿನ ಮೂರಡಿ ಮಣ್ಣಲ್ಲೇ ಹರಡಿರುತ್ತದೆ. ಒಳಚರಂಡಿ ಪೈಪಿನೊಳಗೆ ಬೇರು ಬಂದಿದೆ ಅಂದರೂ ಅಷ್ಟೇ. ಪೈಪ್ ಮೊದಲೇ ಸೋರುತ್ತಿರುತ್ತದೆ, ನೀರಿನ ಜಾಡು ಹಿಡಿದು ಬೇರು ಆಮೇಲೆ ಬರುತ್ತದೆ.

ಮರ ಮನೆಗೆ ತೊಂದರೆ ಕೊಡೋದು ಬೇರೆ ರೀತಿ, ಅದೂ ಎರೆಮಣ್ಣಿನಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ. ದಾವಣಗೆರೆ ಸುತ್ತ ಎರೆ ಭೂಮಿ ಎಷ್ಟಿದೆ ಅಂತ ನಿಮಗೇ ಗೊತ್ತು, ಹತ್ತಿ ಬೆಳೆದ ನೆಲ ಇದು. ಒಂದೇ ಬಡಾವಣೆಯಲ್ಲಿ ಒಂದು ಬೀದಿ ಎರೆ, ಇನ್ನೊಂದು ಬೀದಿ ಕೆಂಪು ಮಣ್ಣು ಇರೋದೂ ಉಂಟು. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಈ ಏರಿಳಿತ ಸುಮಾರು ಮೂರೂವರೆ ಮೀಟರ್ ಆಳದವರೆಗೂ ಇರಬಹುದು. ನಮ್ಮ ಹಳೇ ಮನೆಗಳ ಕಲ್ಲಿನ ಪಾಯ ಅಷ್ಟು ಆಳ ಎಲ್ಲಿ ಹೋಗಿರುತ್ತದೆ? ದೊಡ್ಡ ಮರ ಬೇಸಿಗೆಯಲ್ಲಿ ಮಣ್ಣಿನ ನೀರನ್ನು ಎಳೆದುಕೊಳ್ಳುತ್ತದೆ, ಆ ಕಡೆಯ ಮಣ್ಣು ಜಾಸ್ತಿ ಕುಗ್ಗುತ್ತದೆ, ಆ ಕಡೆಯ ಪಾಯ ಸ್ವಲ್ಪ ಇಳಿಯುತ್ತದೆ, ಗೋಡೆ ಬಿರುಕು ಬಿಡುತ್ತದೆ. ಅಂದರೆ ಮರ ಮನೆಯನ್ನು ಎತ್ತಲ್ಲ, ಇಳಿಸುತ್ತದೆ.

ಇದರ ತಿರುಗುಮುರುಗು ಇನ್ನೂ ಮುಖ್ಯ. ಎರೆಮಣ್ಣಿನಲ್ಲಿ ದೊಡ್ಡ ಮರವನ್ನು ಒಮ್ಮೆಲೇ ತೆಗೆದರೆ ನೀರು ಎಳೆಯುವವರು ಯಾರೂ ಇಲ್ಲ. ವರ್ಷಗಟ್ಟಲೆ ಒಣಗಿದ್ದ ಮಣ್ಣು ಮಳೆ ನೀರು ಕುಡಿದು ನಿಧಾನಕ್ಕೆ ಉಬ್ಬುತ್ತದೆ. ಈಗ ಪಾಯ ನಿಜವಾಗಿಯೂ ಮೇಲೇಳುತ್ತದೆ. ಮರ ಕಡಿಸಿ ಬಿರುಕಿಗೆ ಸಿಮೆಂಟು ಮೆತ್ತಿ ಸುಣ್ಣ ಬಣ್ಣ ಮಾಡಿಸಿದ ಮನೆಯವರು, ಎರಡು ಮಳೆಗಾಲ ಕಳೆದ ಮೇಲೆ ಹೊಸ ಜಾಗದಲ್ಲಿ ಬಿರುಕು ಬಂದಿದೆ ಅಂತ ಕರೆಯುತ್ತಾರೆ. ಮರವೇ ಇಲ್ಲವಲ್ಲ ಸಾರ್, ಇನ್ನೂ ಯಾಕೆ ಅಂತ ಕೇಳುತ್ತಾರೆ. ಮರ ಇಲ್ಲದಿರೋದೇ ಕಾರಣ ಅಂದರೆ ನಂಬೋದು ಕಷ್ಟ.

ಇಲ್ಲಿ ಒಂದು ಲೆಕ್ಕ ಇದೆ, ಅದು ನಿಮಗೆ ನೇರವಾಗಿ ತಾಗುತ್ತದೆ. ಮರಕ್ಕಿಂತ ಮೊದಲು ಮನೆ ಇದ್ದರೆ, ಮರ ತೆಗೆದ ಮೇಲೆ ಮಣ್ಣು ಉಬ್ಬಿದರೂ ಹೆಚ್ಚು ಕಡಿಮೆ ಮೊದಲಿದ್ದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಮರ ಮೊದಲು ಬೆಳೆದು, ಅದು ಒಣಗಿಸಿದ ಮಣ್ಣಿನ ಮೇಲೆ ಆಮೇಲೆ ಕಟ್ಟಿದ್ದರೆ, ಉಬ್ಬುವಿಕೆ ಪಾಯವನ್ನು ಅದು ಹಿಂದೆಂದೂ ಇರದ ಮಟ್ಟಕ್ಕೆ ಎತ್ತುತ್ತದೆ. ನಿಮ್ಮ ಹಳೇ ಮನೆ 1996ರದ್ದು, ಮರಕ್ಕಿಂತ ಹಿರಿಯದು. ಹಿಂದಿನ ರೂಮು 2015ರದ್ದು, ಮರ ಹದಿನೈದು ವರ್ಷ ದಾಟಿದ ಮೇಲೆ ಕಟ್ಟಿದ್ದು. ಮರ ತೆಗೆದರೆ ಅಪಾಯ ಆ ರೂಮಿಗೇ ಜಾಸ್ತಿ. ಬಿರುಕು ಬಿಟ್ಟಿರೋದೂ ಅದೇ ರೂಮು ಅಲ್ವಾ?

ಇನ್ನೂ ಒಂದು ಅನುಮಾನ ನನಗಿದೆ. ಹಳೇ ಗೋಡೆಗೆ ಹೊಸ ರೂಮು ಅಂಟಿಸಿದ ಕಡೆ ಬರುವ ಬಿರುಕು ಮರ ಇರಲಿ ಬಿಡಲಿ ಬರುತ್ತದೆ. ಹಳೇ ಪಾಯ ಇಪ್ಪತ್ತು ವರ್ಷ ಕೂತು ಗಟ್ಟಿಯಾಗಿದೆ. ಹೊಸ ಪಾಯ ಈಗ ಕೂರುತ್ತಿದೆ. ನಡುವೆ ಜಾಯಿಂಟ್ ಬಿಡದೆ ಇಟ್ಟಿಗೆಗೆ ಇಟ್ಟಿಗೆ ಕಚ್ಚಿಸಿ ಕಟ್ಟಿದ್ದರೆ ಗೋಡೆ ಸೀಳಲೇಬೇಕು. ಮೇಸ್ತ್ರಿಗೆ ಇದು ಗೊತ್ತಿರಲ್ಲ ಅಂತಲ್ಲ. ಮರದ ಮೇಲೆ ಹಾಕಿದರೆ ರೂಮು ಕಟ್ಟಿದವರ ಮೇಲೆ ಬರಲ್ಲ, ಅಷ್ಟೇ.

ಹಾಗಾದರೆ ಕಂಡುಹಿಡಿಯೋದು ಹೇಗೆ? ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಮಧ್ಯದಲ್ಲಿ ಎಷ್ಟು ಅಗಲ ಅಂತ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ತಿಂಗಳಿಗೊಂದು ಸಲ ಸಾಕು. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕಿರಿದಾದರೆ ಮಣ್ಣು ಕುಗ್ಗಿ ಉಬ್ಬುತ್ತಿದೆ ಅಂತ ಅರ್ಥ, ಮರದ ಪಾಲು ಇರಬಹುದು. ಋತುವಿನ ಲೆಕ್ಕವಿಲ್ಲದೆ ಒಂದೇ ಸಮ ಬೆಳೆಯುತ್ತಿದ್ದರೆ ಪಾಯವೋ ಸೋರುವ ನೀರೋ ಕಾರಣ. ಬೆಳೆಯೋದೇ ನಿಂತಿದ್ದರೆ ಪಾಯ ಕೂತಾಗಿದೆ, ತುಂಬಿಸಿ ಮರೆತುಬಿಡಿ. ಇದರ ಜೊತೆ ಸಂಪಿನಲ್ಲಿ, ಅಂದರೆ ನೆಲದೊಳಗಿನ ನೀರಿನ ತೊಟ್ಟಿಯಲ್ಲಿ, ನೀರು ತುಂಬಿಸಿ, ವಾಲ್ವ್ ಮುಚ್ಚಿ, ಗುರುತು ಹಾಕಿ, ಮರುದಿನ ಎಷ್ಟು ಇಳಿದಿದೆ ನೋಡಿ. ಎಷ್ಟು ಬಿರುಕಿಗೆ ಸಂಪಿನ ಸೋರಿಕೆ ಕಾರಣವಾಗಿರುತ್ತದೆ ಅಂದರೆ, ನಾನು ಬಿರುಕು ನೋಡೋಕೆ ಹೋದ ಮನೆಯಲ್ಲಿ ಗೋಡೆಗಿಂತ ಮೊದಲು ಸಂಪು ಎಲ್ಲಿದೆ ಅಂತ ಕೇಳುತ್ತೇನೆ. ರೂಮಿನ ಹತ್ತಿರ ಒಂದು ಗುಂಡಿ ತೋಡಿಸಿ. ಮಣ್ಣು ಕಪ್ಪಗೆ ಅಂಟಂಟಾಗಿದೆಯಾ, ಕೆಂಪಗೆ ಗರುಸಾಗಿದೆಯಾ ಅಂತ ಕಣ್ಣಿಗೇ ಕಾಣುತ್ತದೆ. ಕೆಂಪು ಗರುಸು ಆಗಿದ್ದರೆ ನಾನು ಮೇಲೆ ಹೇಳಿದ ಉಬ್ಬುವ ಕುಗ್ಗುವ ಕಥೆಯೇ ಇಲ್ಲ, ಮರ ಬಹುತೇಕ ನಿರಪರಾಧಿ.

ತುದಿ ಒಣಗಿದ್ದರ ಬಗ್ಗೆ ಗಾಬರಿ ಬೇಡ. ಬೇವಿಗೆ ತುದಿ ಒಣಗುವ ಶಿಲೀಂಧ್ರ ರೋಗ ಇದೆ. ಮಳೆಗಾಲದಲ್ಲಿ ಶುರುವಾಗಿ ಚಳಿಗಾಲದ ಹೊತ್ತಿಗೆ ಮರವೆಲ್ಲ ಸುಟ್ಟಂತೆ ಕಾಣುತ್ತದೆ. ಒಂದು ಬಗೆಯ ಸೊಳ್ಳೆಯಂಥ ತಿಗಣೆ ಚಿಗುರಿನ ರಸ ಹೀರಿದರೂ ಹೀಗೇ ಆಗುತ್ತದೆ. ಬೇಸಿಗೆ ಶುರುವಾದಾಗ ಹೆಚ್ಚಿನ ಮರಗಳು ಮತ್ತೆ ಚಿಗುರುತ್ತವೆ. ಕಿರುಬೆರಳಿನ ಗಾತ್ರದ ರೆಂಬೆಯನ್ನು ಉಗುರಿನಲ್ಲಿ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ. ನಿಜವಾಗಿ ಹೆದರಬೇಕಾದ ಗುರುತು ಬುಡದಲ್ಲಿರುತ್ತವೆ: ಕಾಂಡದ ಬುಡದಲ್ಲಿ ಅಣಬೆ, ತಟ್ಟಿದರೆ ಟೊಳ್ಳು ಸದ್ದು, ಇತ್ತೀಚೆಗೆ ವಾಲಿದ್ದು, ವಾಲಿದ ಎದುರು ಬದಿಯ ಮಣ್ಣು ಬಿರಿದು ಮೇಲೆದ್ದಿರುವುದು. ಇವುಗಳಲ್ಲಿ ಒಂದು ಕಂಡರೂ ಮಳೆಗಾಲಕ್ಕೆ ಕಾಯಬೇಡಿ. ಯಾವುದೋ ಪೈಪಿಗಂತ ಬುಡದ ಪಕ್ಕದಲ್ಲೇ ಕಾಲುವೆ ತೋಡಿ ಬೇರು ಕತ್ತರಿಸಿದ್ದರೆ ಅದನ್ನೂ ನೆನಪು ಮಾಡಿಕೊಳ್ಳಿ. ಊರಲ್ಲಿ ಗಾಳಿಗೆ ಬಿದ್ದ ಮರಗಳ ಬುಡ ನೋಡಿ, ಒಂದು ಬದಿಯ ಬೇರು ಹಿಂದೆಯೇ ಕತ್ತರಿಸಿರೋದು ಅಥವಾ ಸುತ್ತ ಕಾಂಕ್ರೀಟ್ ಹಾಕಿರೋದು ಎಷ್ಟು ಸಲ ಕಾಣುತ್ತದೆ ಅಂತ.

ಪಕ್ಕದವರ ಪತ್ರವನ್ನು ಹಗುರವಾಗಿ ತಗೋಬೇಡಿ. ಎಲೆ ಬೀಳೋದು ಅಪರಾಧ ಅಲ್ಲ, ಅದಕ್ಕೆ ಪೈಪಿನ ಬಾಯಿಗೆ ಜಾಲರಿ ಹಾಕಿಸಿಕೊಟ್ಟರೆ ಅರ್ಧ ಜಗಳ ಮುಗಿಯುತ್ತದೆ, ಖರ್ಚು ನೀವೇ ಕೊಟ್ಟರೂ ಲಾಭವೇ. ಆದರೆ ಮರ ಬೀಳಬಹುದು ಅಂತ ಬರೆದು ಕೊಟ್ಟ ಮೇಲೆ 'ನನಗೆ ಗೊತ್ತಿರಲಿಲ್ಲ' ಅನ್ನೋ ಮಾತು ನಿಮಗೆ ಉಳಿಯಲ್ಲ. ನಾಳೆ ಏನಾದರೂ ಆದರೆ ನಿರ್ಲಕ್ಷ್ಯ ಅಂತ ಪರಿಹಾರ ಕೇಳಬಹುದು. ಅವರು ಇನ್ನೂ ಮುಂದೆ ಹೋಗಬೇಕೆಂದರೆ ದಾರಿ ಇದೆ: ಬೀಳುವ ಸ್ಥಿತಿಯಲ್ಲಿರುವ ಮರವನ್ನು ತೆಗೆಸುವಂತೆ ಅಥವಾ ಆಸರೆ ಕೊಡಿಸುವಂತೆ ಉಪವಿಭಾಗಾಧಿಕಾರಿಯವರ ಮುಂದೆ ಅರ್ಜಿ ಹಾಕಬಹುದು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133ನೇ ಕಲಂನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಹಾಗಾಗಿ ಉತ್ತರ ಬರೆದು ಕೊಡಿ. ಮರ ಪರೀಕ್ಷೆ ಮಾಡಿಸುತ್ತಿದ್ದೇನೆ, ಇಂಥ ದಿನ ಅರ್ಜಿ ಕೊಟ್ಟಿದ್ದೇನೆ ಅಂತ ಎರಡು ಸಾಲು ಸಾಕು.

ಈಗ ನಿಮ್ಮ ಮುಂದಿರುವ ದಾರಿಗಳು. ನಾನಾಗಿದ್ದರೆ ಮೊದಲು ಒಣ ಕೊಂಬೆ, ಪಕ್ಕದವರ ಮಾಳಿಗೆ ಮೇಲೆ ಚಾಚಿದ ಕೊಂಬೆ ಇಷ್ಟನ್ನೇ ತೆಗೆಸುತ್ತಿದ್ದೆ. ಇದಕ್ಕೂ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಕೊಂಬೆ ಸವರುವುದೂ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ತಲೆ ಬೋಳಿಸಲು ಮಾತ್ರ ಬಿಡಬೇಡಿ. ಬೋಳಿಸಿದ ಕಡೆ ಗುಂಪಾಗಿ ಬರುವ ಹೊಸ ಕೊಂಬೆಗಳಿಗೆ ಕಾಂಡದ ಜೊತೆ ಗಟ್ಟಿ ಹಿಡಿತ ಇರಲ್ಲ, ಮೂರ್ನಾಲ್ಕು ವರ್ಷದಲ್ಲಿ ಅವೇ ಮುರಿದು ಬೀಳುತ್ತವೆ. ಬೋಳಿಸಿದರೆ ಮರ ನೀರು ಕುಡಿಯೋದು ಕಡಿಮೆ ಆಗುತ್ತದೆ ಅನ್ನೋದೂ ಮತ್ತೆ ಚಿಗುರುವ ತನಕ ಮಾತ್ರ.

ಎರಡನೆಯದು, ರೂಮಿಗೂ ಮರಕ್ಕೂ ನಡುವೆ ಕಾಲುವೆ ತೋಡಿ ದಪ್ಪ ಪ್ಲಾಸ್ಟಿಕ್ ಹಾಳೆಯೋ ಕಾಂಕ್ರೀಟ್ ಗೋಡೆಯೋ ಇಳಿಸಿ ಬೇರು ತಡೆಯೋದು. ಕೆಲಸ ಮಾಡುತ್ತದೆ, ಆದರೆ ರೂಮಿನ ಹತ್ತಿರ ತೋಡಬೇಕು, ಮರದ ಹತ್ತಿರ ಅಲ್ಲ. ಕಾಂಡದ ಅಡ್ಡಳತೆಯ ಐದು ಪಟ್ಟು ದೂರದೊಳಗೆ ದಪ್ಪ ಬೇರು ಕತ್ತರಿಸಿದರೆ ಮರದ ಹಿಡಿತವೇ ಹೋಗುತ್ತದೆ, ಗೋಡೆ ಉಳಿಸೋಕೆ ಹೋಗಿ ಮರ ಬೀಳಿಸಿಕೊಂಡಂತೆ. ನಿಮ್ಮದು ಹತ್ತು ಅಡಿ ಇರೋದರಿಂದ ಜಾಗ ಸ್ವಲ್ಪ ಬಿಗಿ, ಯಾರಾದರೂ ಬಂದು ಅಳೆದು ನೋಡಿಯೇ ಹೇಳಬೇಕು. ಇದರ ಜೊತೆ ಮನೆ ಸುತ್ತ ಮೂರಡಿ ಅಗಲ ಇಳಿಜಾರಿನ ಕಾಂಕ್ರೀಟ್ ಪಟ್ಟಿ ಹಾಕಿಸಿ, ಮಾಳಿಗೆ ನೀರು ಪಾಯದ ಹತ್ತಿರ ಬೀಳದ ಹಾಗೆ ಪೈಪಿನಲ್ಲಿ ದೂರ ಬಿಡಿ. ಎರೆಮಣ್ಣಿನ ಮನೆಗೆ ಇದಕ್ಕಿಂತ ಕಡಿಮೆ ಖರ್ಚಿನ ಉಪಕಾರ ಇನ್ನೊಂದಿಲ್ಲ.

ಕೊನೆಯದು ಮರ ತೆಗೆಯೋದು. ಬುಡ ಕೊಳೆತಿದ್ದರೆ, ವಾಲುತ್ತಿದ್ದರೆ ಇದೇ ಸರಿ, ಅಮ್ಮನಿಗೂ ಹಾಗೇ ಹೇಳಿ. ಅರ್ಜಿಯಲ್ಲಿ ಮರ ಎಷ್ಟು, ಯಾವ ಜಾತಿ, ಸುತ್ತಳತೆ ಎಷ್ಟು, ಕಾರಣ ಏನು ಅಂತ ಬರೆಯಬೇಕು. ಸುತ್ತಳತೆಯನ್ನು ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪು ಸುತ್ತಿ ಅಳೆಯಿರಿ. ಸೈಟಿನ ನಕ್ಷೆಯಲ್ಲಿ ಮರದ ಜಾಗ ಗುರುತು ಮಾಡಿ, ಖಾತೆ ನಕಲು, ಕಂದಾಯ ರಸೀದಿ, ಗುರುತಿನ ಚೀಟಿ, ಫೋಟೋ ಲಗತ್ತಿಸಿ. ಖಾತೆ ಇನ್ನೂ ಅಪ್ಪನ ಹೆಸರಿನಲ್ಲಿದ್ದರೆ ಅಪ್ಪನ ಒಪ್ಪಿಗೆ ಪತ್ರ ಬೇಕು, ಅವರಿಲ್ಲದಿದ್ದರೆ ವಾರಸುದಾರರೆಲ್ಲರ ಸಹಿ. ಅರ್ಜಿಗಳು ಇಲ್ಲೇ ಜಾಸ್ತಿ ಸಿಕ್ಕಿಕೊಳ್ಳೋದು. 'ಮರ ತೊಂದರೆ ಕೊಡುತ್ತಿದೆ' ಅಂತ ಸುಮ್ನೆ ಬರೆದರೆ ಅಧಿಕಾರಿ ಬಂದು ಹಸಿರು ಮರ ನೋಡಿ ಹೋಗುತ್ತಾರೆ. ಕಾರಣವನ್ನು ಕಾಯ್ದೆಯ ಮಾತಿನಲ್ಲೇ ಬರೆಯಿರಿ. ಸತ್ತ ಮರ, ರೋಗ ಬಂದ ಮರ, ಗಾಳಿಗೆ ಬಿದ್ದದ್ದು, ಸಿಡಿಲು ಬೆಂಕಿಗೆ ಹಾಳಾದದ್ದು, ಜೀವಕ್ಕೆ ಆಸ್ತಿಗೆ ಅಪಾಯ ಇರುವುದು, ಇಂಥವಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಅಂತ ಅದೇ 8ನೇ ಕಲಂನಲ್ಲಿದೆ. ನಿಮ್ಮ ಬಿರುಕಿನ ತಾರೀಖು ಹಾಕಿದ ಫೋಟೋಗಳು, ಎಂಜಿನಿಯರ್ ಬರೆದು ಕೊಟ್ಟ ವರದಿ ಆಗ ಉಪಯೋಗಕ್ಕೆ ಬರುತ್ತವೆ.

ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ತಗೊಳ್ಳಿ. ತೀರ್ಮಾನಕ್ಕೆ ಕಾಯ್ದೆಯಲ್ಲೇ ಗಡುವು ಇದೆ, ಆ ಗಡುವು ಶುರುವಾಗೋದು ಸ್ವೀಕೃತಿಯ ದಿನದಿಂದ. ಗಡುವು ಮುಗಿಯಿತು, ಇನ್ನು ಕಡಿಯಬಹುದು ಅಂತ ಯಾರಾದರೂ ಹೇಳಿದರೂ ಕೈಯಲ್ಲಿ ಕಾಗದ ಇಲ್ಲದೆ ಕೊಡಲಿ ಹಾಕಿಸಬೇಡಿ. ಅನುಮತಿ ಇಲ್ಲ ಅಂತ ಅಧಿಕಾರಿ ಹೇಳಿದರೆ ಮೇಲ್ಮನವಿಗೆ ಅವಕಾಶ ಇದೆ. ಅನುಮತಿ ಕೊಟ್ಟರೆ ಬದಲಿ ಗಿಡ ನೆಡುವ ಷರತ್ತು ಜೊತೆಗೇ ಬರುತ್ತದೆ. ದಿಮ್ಮಿ ಸಾಗಿಸೋಕೆ ಪರವಾನಗಿ ಬೇಕಾ ಅಂತ ಆ ಕಚೇರಿಯಲ್ಲೇ ಕೇಳಿ ಬರೆಸಿಕೊಳ್ಳಿ. ಸೈಟಿನಲ್ಲಿ ಶ್ರೀಗಂಧದ ಗಿಡ ಏನಾದರೂ ಇದ್ದರೆ ಅದನ್ನು ಈ ಗುಂಪಿಗೆ ಸೇರಿಸಲೇಬೇಡಿ. 2001ರ ತಿದ್ದುಪಡಿ ನಂತರ ಗಂಧ ಜಮೀನಿನವರದ್ದೇ, ಆದರೆ ಕಡಿಯೋಕೆ ಮಾರೋಕೆ ಬೇರೆಯದೇ ಕಟ್ಟುನಿಟ್ಟಿದೆ.

ಮರ ತೆಗೆಯೋದೇ ಆದರೆ ರೂಮಿನ ಬಿರುಕು ತಕ್ಷಣ ಮುಚ್ಚಿಸಬೇಡಿ. ಎರಡು ಮಳೆಗಾಲ ನೋಡಿ. ಬೇವು ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ, ಚಿಗುರನ್ನು ಆಗಾಗ ತೆಗೆಯುತ್ತಿರಬೇಕು.

ತೆಂಗಿಗೆ ಈ ಕಾಯ್ದೆಯ ಅನುಮತಿ ಬೇಡ. ನೀಲಗಿರಿ, ಸಿಲ್ವರ್ ಓಕ್, ಗಾಳಿಮರ, ಸುಬಾಬುಲ್, ಗ್ಲಿರಿಸಿಡಿಯಾ ಕೂಡ ವಿನಾಯಿತಿ ಪಟ್ಟಿಯಲ್ಲಿವೆ, ಬೇವು ಇಲ್ಲ. ಆದರೆ ತೆಂಗು ಇಳಿಸುವ ದಿನ ಹತ್ತಿರದಲ್ಲಿ ತಂತಿ ಇದ್ದರೆ ಮೊದಲು ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ. ಸೆಕ್ಷನ್ ಆಫೀಸಿಗೆ ಒಂದು ದಿನ ಮೊದಲೇ ಹೇಳಿದ್ದರೆ ಇನ್ನೂ ಒಳ್ಳೆಯದು.